ಐದು ನಕ್ಷತ್ರ ಕೊಟ್ಟವರು ಪ್ರಯೋಗ ಮಾಡಿ ನೋಡಿದ್ದರೇ?

ಯಾವುದಾದರೂ ಡಿಜಿಟಲ್ ಗ್ರಂಥಾಲಯದಲ್ಲಿ ‘ಋತುಗಳು’ ಎಂದು ಹುಡುಕಿದರೆ ಪಾಠಯೋಜನೆ, ಅನಿಮೇಷನ್, ವರ್ಕ್‌ಶೀಟ್, ವಿಡಿಯೊ ಎಲ್ಲ ಸಾಲಾಗಿ ಬಂದು ನಿಲ್ಲುತ್ತವೆ. ಪ್ರತಿಯೊಂದರ ಪಕ್ಕದಲ್ಲೂ ನಾಲ್ಕೋ ಐದೋ ನಕ್ಷತ್ರ. ಆ ನಕ್ಷತ್ರ ಅಳೆದದ್ದು ಏನನ್ನು? ವಿಜ್ಞಾನ ಸರಿಯಿದೆ ಎಂಬುದನ್ನೇ, ಮಕ್ಕಳಿಗೆ ತಿಳಿಯಿತು ಎಂಬುದನ್ನೇ, ಅಥವಾ ಫೈಲು ತಕರಾರಿಲ್ಲದೆ ತೆರೆದುಕೊಂಡಿತು ಎಂಬುದನ್ನೇ? ಈ ಮೂರು ಪ್ರಶ್ನೆಗಳಿಗೆ ಉತ್ತರ ಹೇಳಬಲ್ಲವರು ಬೇರೆ ಬೇರೆ ಜನ. ಉತ್ತರಗಳು ಹಳತಾಗುವ ವೇಗವೂ ಬೇರೆ. ಮೂರನ್ನೂ ಕಲಸಿ ಒಂದೇ ಅಂಕಿ ಮಾಡಿದ ಕೂಡಲೇ ಶಿಕ್ಷಕರಿಗೆ ಬೇಕಾದ ಮಾಹಿತಿ ಅದರೊಳಗೆ ಮುಳುಗಿಹೋಗುತ್ತದೆ.

ಇದು ಹೊಸ ತಿಳಿವಳಿಕೆಯೇನಲ್ಲ. 1997ರಲ್ಲಿ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯಲ್ಲಿ ಶುರುವಾದ ಮೆರ್ಲಾಟ್ ಎಂಬ ಡಿಜಿಟಲ್ ಬೋಧನಾ ಸಂಪನ್ಮೂಲ ಸಂಗ್ರಹ ತನ್ನ ಪರಿಶೀಲನೆಯನ್ನು ವಿಷಯದ ಗುಣಮಟ್ಟ, ಬೋಧನೆಗೆ ಒದಗುವ ಬಗೆ, ಬಳಕೆಯ ಸುಲಭ ಎಂದು ಮೂರು ಭಾಗ ಮಾಡಿಕೊಂಡಿತ್ತು. ಭೂವಿಜ್ಞಾನ ಶಿಕ್ಷಣಕ್ಕೆಂದು ಕಟ್ಟಿದ ಡಿಜಿಟಲ್ ಗ್ರಂಥಾಲಯ ಡಿಎಲ್‌ಇಎಸ್‌ಇ ಎರಡು ಕಪಾಟುಗಳನ್ನು ಇಟ್ಟುಕೊಂಡಿತ್ತು: ಕನಿಷ್ಠ ಸೋಸುವಿಕೆ ದಾಟಿದ್ದಕ್ಕೆ ಒಂದು, ಕೂಲಂಕಷವಾಗಿ ಪರಿಶೀಲಿಸಿದ್ದಕ್ಕೆ ಇನ್ನೊಂದು. ಎರಡು ಕಪಾಟಿನ ಈ ಪದ್ಧತಿ ಇವತ್ತಿಗೂ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಎಲ್ಲವನ್ನೂ ಆಳವಾಗಿ ಪರಿಶೀಲಿಸುತ್ತೇವೆಂದು ಹೊರಟ ಗ್ರಂಥಾಲಯದಲ್ಲಿ ಬಾಕಿ ರಾಶಿ ಬೆಳೆಯುತ್ತ ಹೋಗಿ, ಕೊನೆಗೆ ಯಾವುದನ್ನೂ ಓದದೆ ಸಹಿ ಹಾಕುವ ಸ್ಥಿತಿ ಬರುತ್ತದೆ.

ಮೊದಲು ಚಿತ್ರ, ಆಮೇಲೆ ಪಠ್ಯ

ವಿಷಯತಜ್ಞರ ಕೈಗೆ ಸಂಪನ್ಮೂಲವೊಂದನ್ನು ಕೊಟ್ಟರೆ ಅವರು ಪಠ್ಯವನ್ನು ಓದುತ್ತಾರೆ, ಚಿತ್ರದ ಮೇಲೆ ಕಣ್ಣಾಡಿಸಿ ಮುಂದೆ ಹೋಗುತ್ತಾರೆ. ಆದರೆ ವಿದ್ಯಾರ್ಥಿಯ ತಲೆಯಲ್ಲಿ ಉಳಿಯುವುದು ಚಿತ್ರ. ಹೆಚ್ಚಿನ ತಪ್ಪುಗಳು ಅಡಗಿ ಕೂತಿರುವುದೂ ಅಲ್ಲೇ.

ಋತುಗಳ ಪಾಠವನ್ನೇ ನೋಡಿ. ಪಠ್ಯ ‘ಭೂಮಿಯ ಅಕ್ಷದ ಓರೆಯೇ ಕಾರಣ’ ಎಂದು ಸರಿಯಾಗಿಯೇ ಹೇಳುತ್ತಿರುತ್ತದೆ. ಪಕ್ಕದ ಚಿತ್ರದಲ್ಲಿ ಮಾತ್ರ ಭೂಮಿಯ ಕಕ್ಷೆ ಉದ್ದನೆಯ ಮೊಟ್ಟೆಯಾಕಾರ. ಅದನ್ನು ಕಂಡ ಮಗು ‘ಹತ್ತಿರ ಬಂದಾಗ ಬೇಸಿಗೆ, ದೂರ ಹೋದಾಗ ಚಳಿ’ ಎಂದು ತೀರ್ಮಾನಿಸಿದರೆ ತಪ್ಪು ಮಗುವಿನದಲ್ಲ. ಭೂಕಕ್ಷೆಯ ಉತ್ಕೇಂದ್ರತೆ, ಅಂದರೆ ಅದು ವೃತ್ತದಿಂದ ಎಷ್ಟು ದೂರ ಸರಿದಿದೆ ಎಂಬ ಅಳತೆ, 0.0167 (ಪೂರ್ಣ ವೃತ್ತಕ್ಕೆ ಅದು ಸೊನ್ನೆ). 10 ಸೆಂ.ಮೀ. ಅಗಲಕ್ಕೆ ಕಕ್ಷೆಯನ್ನು ಅಳತೆಗೆ ಸರಿಯಾಗಿ ಬರೆದರೆ ಉದ್ದಕ್ಕೂ ಅಗಲಕ್ಕೂ ಇರುವ ವ್ಯತ್ಯಾಸ ಸುಮಾರು 0.014 ಮಿ.ಮೀ.; ಪೆನ್ಸಿಲ್ ಗೆರೆಯೇ ಅದಕ್ಕಿಂತ ದಪ್ಪ. ಸೂರ್ಯ ನಡುವಿನಿಂದ 0.8 ಮಿ.ಮೀ.ನಷ್ಟು ಮಾತ್ರ ಸರಿದಿರುತ್ತಾನೆ. ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುವುದು ಜನವರಿ ಮೊದಲ ವಾರದಲ್ಲಿ, ಸುಮಾರು 14.7 ಕೋಟಿ ಕಿ.ಮೀ. ದೂರದಲ್ಲಿ, ಅಂದರೆ ಉತ್ತರಾರ್ಧಗೋಳದ ಚಳಿಗಾಲದಲ್ಲೇ. ಓರೆಯಿಂದ ನೋಡಿದ ನೋಟವಾದ್ದರಿಂದ ಕಕ್ಷೆ ಚಪ್ಪಟೆ ಕಾಣುತ್ತದೆ ಎಂದು ಚಿತ್ರದ ಕೆಳಗೆ ಒಂದು ಸಾಲು ಇಲ್ಲದಿದ್ದರೆ ಆ ಸಂಪನ್ಮೂಲವನ್ನು ತಿದ್ದಲು ವಾಪಸ್ ಕಳಿಸಬೇಕು. ಪಠ್ಯ ಸರಿಯಿದೆಯಲ್ಲ ಎಂಬುದು ಸಮಾಧಾನವಲ್ಲ.

ದ್ರವ್ಯದ ಸ್ಥಿತಿಗಳ ಚಿತ್ರಗಳದ್ದೂ ಇದೇ ಕತೆ. ಘನದಲ್ಲಿ ಕಣಗಳು ಒತ್ತಾಗಿ, ಅನಿಲದಲ್ಲಿ ದೂರದೂರ, ದ್ರವದಲ್ಲಿ ಎರಡರ ನಡುವೆ. ಚಿತ್ರಕಾರರಿಗೆ ಈ ‘ನಡುವೆ’ ಬಹಳ ಇಷ್ಟ. ನಿಜದಲ್ಲಿ ದ್ರವದ ಕಣಗಳ ನಡುವಿನ ಅಂತರ ಘನದಲ್ಲಿ ಇರುವಷ್ಟೇ ಎನ್ನಬಹುದು. ಅದಕ್ಕೇ ನೀರನ್ನು ಒತ್ತಿ ಕುಗ್ಗಿಸಲಾಗುವುದಿಲ್ಲ. ನೀರು ಕುದಿದು ಹಬೆಯಾದಾಗ ಗಾತ್ರ 1,600 ಪಟ್ಟಿಗೂ ಹೆಚ್ಚುತ್ತದೆ, ಅಂದರೆ ಕಣಗಳ ಅಂತರ ಹತ್ತು ಹನ್ನೆರಡು ಪಟ್ಟು. ಚಿತ್ರದ ಮೇಲೆ ಸ್ಕೇಲ್ ಇಟ್ಟು ಅಳೆದರೆ ಎರಡು ನಿಮಿಷದಲ್ಲಿ ತಪ್ಪು ಸಿಗುತ್ತದೆ. ಆ ಸ್ಕೇಲನ್ನು ಇಡುವವರು ಕಡಿಮೆ, ಅಷ್ಟೆ.

ಪುಟದಲ್ಲಿ ಬರೆದಷ್ಟನ್ನೇ ಮಾಡಿ ನೋಡುವುದು

ಚಟುವಟಿಕೆ ಅಥವಾ ಪ್ರಯೋಗವನ್ನು ಒಪ್ಪಿಕೊಳ್ಳುವ ಮುನ್ನ ಯಾರಾದರೂ ಅದನ್ನು ಮಾಡಿ ನೋಡಿರಲೇಬೇಕು. ಬರೆದವರಲ್ಲ, ಇನ್ನೊಬ್ಬರು. ಅವರ ಕೈಯಲ್ಲಿ ಪುಟ ಬಿಟ್ಟು ಬೇರೇನೂ ಇರಬಾರದು. ಬರೆದವರಿಗೆ ಫೋನ್ ಮಾಡಿ ಕೇಳುವಂತಿಲ್ಲ, ತಮ್ಮ ಅನುಭವದಿಂದ ಬಿಟ್ಟ ಜಾಗ ತುಂಬಿಕೊಳ್ಳುವಂತಿಲ್ಲ. ಎಲ್ಲಿ ಕೈ ನಿಂತಿತೋ ಅಲ್ಲಿ ಗುರುತು ಹಾಕುವುದು. ಪರಿಶೀಲನೆಯ ಇಡೀ ಸಮಯದಲ್ಲಿ ಅತಿ ಹೆಚ್ಚು ಫಲ ಕೊಡುವ ಗಂಟೆ ಇದು. ಬಜೆಟ್ ಬಿಗಿಯಾದಾಗ ಮೊದಲು ಕತ್ತರಿ ಬೀಳುವುದೂ ಇದಕ್ಕೇ.

ಸರಳ ಲೋಲಕದಿಂದ ಗುರುತ್ವ ವೇಗೋತ್ಕರ್ಷ ಕಂಡುಹಿಡಿಯುವ ವರ್ಕ್‌ಶೀಟ್ ಒಂದಿದೆ ಎನ್ನೋಣ. ‘ದಾರದ ಉದ್ದ ಅಳೆಯಿರಿ, ಗುಂಡನ್ನು ಬದಿಗೆ ಎಳೆದು ಬಿಡಿ, ಒಂದು ಆಂದೋಲನದ ಕಾಲ ಗುರುತಿಸಿ’ ಎಂದಿದೆ. ಓದುವಾಗ ಎಲ್ಲ ಸರಿ. ಮಾಡುವಾಗ ಮೂರು ಕಡೆ ಕೆಡುತ್ತದೆ. 1 ಮೀಟರ್ ಲೋಲಕದ ಆವರ್ತಕಾಲ ಸುಮಾರು 2 ಸೆಕೆಂಡ್. ಸ್ಟಾಪ್‌ವಾಚ್ ಒತ್ತುವ ಕೈ 0.2 ಸೆಕೆಂಡ್ ತಡಮಾಡಿದರೆ ಅಲ್ಲೇ ಶೇ. 10ರಷ್ಟು ದೋಷ. ಲೆಕ್ಕದಲ್ಲಿ ಕಾಲದ ವರ್ಗ ಬರುವುದರಿಂದ ಉತ್ತರದಲ್ಲಿ ಅದು ಸುಮಾರು ಶೇ. 20 ಆಗುತ್ತದೆ. 20 ಆಂದೋಲನ ಎಣಿಸಿ ಭಾಗಿಸಿದರೆ ಕಾಲದ ದೋಷ ಶೇ. 0.5ಕ್ಕೆ ಇಳಿಯುತ್ತದೆ. ಎರಡನೆಯದು ಕೋನ: ‘ಬದಿಗೆ ಎಳೆದು’ ಎಂದಷ್ಟೇ ಇದ್ದರೆ ಮಕ್ಕಳು 60 ಡಿಗ್ರಿವರೆಗೂ ಎಳೆಯುತ್ತಾರೆ. ಆಗ ಆವರ್ತಕಾಲ ಶೇ. 7ರಷ್ಟು ಹೆಚ್ಚಿ, ಉತ್ತರ ಶೇ. 13ರಷ್ಟು ಕಡಿಮೆ ಬರುತ್ತದೆ. 10 ಡಿಗ್ರಿಯೊಳಗೆ ಇದ್ದರೆ ಆವರ್ತಕಾಲದ ವ್ಯತ್ಯಾಸ ಶೇ. 0.2ನ್ನೂ ಮುಟ್ಟುವುದಿಲ್ಲ. ಮೂರನೆಯದು ಉದ್ದ: ದಾರದ ತುದಿಯವರೆಗೆ ಅಲ್ಲ, ಗುಂಡಿನ ನಡುವಿನವರೆಗೆ ಅಳೆಯಬೇಕು. 25 ಸೆಂ.ಮೀ. ಲೋಲಕದಲ್ಲಿ 2 ಸೆಂ.ಮೀ. ವ್ಯಾಸದ ಗುಂಡಿದ್ದರೆ ಇದೊಂದರಿಂದಲೇ ಶೇ. 4ರಷ್ಟು ತಪ್ಪು. ಈ ಮೂರು ಸಾಲು ಸೇರಿಸಿದರೆ ವರ್ಕ್‌ಶೀಟ್ ಬದುಕಿಕೊಳ್ಳುತ್ತದೆ. ಸೇರಿಸದಿದ್ದರೆ ‘ಪ್ರಯೋಗ ಮಾಡಿದರೆ ಪುಸ್ತಕದ ಉತ್ತರ ಬರುವುದಿಲ್ಲ’ ಎಂಬ ಪಾಠವನ್ನು ಮಕ್ಕಳು ಕಲಿಯುತ್ತಾರೆ.

ಇನ್ನು ಕೆಲವು ಚಟುವಟಿಕೆಗಳು ಪ್ರತಿ ಸಲವೂ ‘ಕೆಲಸ ಮಾಡುತ್ತವೆ’, ಹೇಳಿಕೊಡುವುದು ಮಾತ್ರ ತಪ್ಪು. ನೀರಿರುವ ತಟ್ಟೆಯಲ್ಲಿ ಉರಿಯುವ ಮೇಣದಬತ್ತಿ ನಿಲ್ಲಿಸಿ ಗಾಜಿನ ಲೋಟ ಮುಚ್ಚುವುದು, ನೀರು ಮೇಲೇರಿದಾಗ ‘ಗಾಳಿಯಲ್ಲಿ ಐದನೇ ಒಂದು ಪಾಲು ಆಮ್ಲಜನಕವಿತ್ತು, ಅದು ಖರ್ಚಾಯಿತು’ ಎನ್ನುವುದು. ಈ ಚಟುವಟಿಕೆ ಇಲ್ಲದ ಗ್ರಂಥಾಲಯವೇ ಅಪರೂಪ. ಲೋಟ ಮುಚ್ಚುವಾಗ ಒಳಗಿನ ಗಾಳಿ ಬಿಸಿಯಾಗಿ ಹಿಗ್ಗಿರುತ್ತದೆ, ಕೆಲವೊಮ್ಮೆ ಅಂಚಿನಿಂದ ಗುಳ್ಳೆಯಾಗಿ ಹೊರಬೀಳುತ್ತದೆ; ಬತ್ತಿ ಆರಿದ ಮೇಲೆ ತಣಿದು ಕುಗ್ಗುವುದೇ ನೀರು ಏರಲು ಮುಖ್ಯ ಕಾರಣ. ಆಮ್ಲಜನಕ ಪೂರ್ತಿ ಮುಗಿಯುವ ಮೊದಲೇ ಬತ್ತಿ ಆರುತ್ತದೆ, ಉರಿದದ್ದರ ಬದಲಿಗೆ ಇಂಗಾಲದ ಡೈಆಕ್ಸೈಡ್ ಬಂದು ಸೇರಿರುತ್ತದೆ. ಪರೀಕ್ಷೆ ಸುಲಭ: ಒಂದರ ಬದಲು ಮೂರು ಬತ್ತಿ ಇಟ್ಟು ಅದೇ ಲೋಟ ಮುಚ್ಚಿ. ನೀರು ಇನ್ನೂ ಮೇಲೇರುತ್ತದೆ. ಲೋಟದ ಆಮ್ಲಜನಕವೇನೂ ಹೆಚ್ಚಾಗಿರಲಿಲ್ಲ. ಐದನೇ ಒಂದು ಪಾಲನ್ನೇ ತೋರಿಸಬೇಕೆಂದರೆ ದಾರಿ ಬೇರೆ ಇದೆ. ಸ್ಟೀಲ್ ವುಲ್ (ಉಕ್ಕಿನ ಸಣ್ಣ ಎಳೆಗಳ) ಉಂಡೆಯನ್ನು ವಿನೆಗರ್‌ನಲ್ಲಿ ತೊಳೆದು ಜಿಡ್ಡು ತೆಗೆದು, ಒದ್ದೆಯಿರುವಾಗಲೇ ಪ್ರನಾಳದ ತಳಕ್ಕೆ ತುರುಕಿ, ಪ್ರನಾಳವನ್ನು ನೀರಿನ ಬೀಕರ್‌ನಲ್ಲಿ ಬೋರಲು ನಿಲ್ಲಿಸಿ ಒಂದೆರಡು ದಿನ ಬಿಡಬೇಕು. ಕಬ್ಬಿಣ ತುಕ್ಕು ಹಿಡಿಯುತ್ತ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ, ನೀರು ಐದನೇ ಒಂದರ ಹತ್ತಿರ ನಿಲ್ಲುತ್ತದೆ. ಪರಿಶೀಲಕರು ‘ತಿರಸ್ಕೃತ’ ಎಂದು ಬರೆದು ಕೈತೊಳೆದುಕೊಳ್ಳುವ ಬದಲು ಇಂಥ ಬದಲಿಯನ್ನು ಸೂಚಿಸಿದರೆ ಸಂಪನ್ಮೂಲ ಕೊಟ್ಟವರೂ ಮತ್ತೆ ಬರುತ್ತಾರೆ.

ಸುರಕ್ಷತೆಯ ವಿಚಾರದಲ್ಲಿ ‘ದೊಡ್ಡವರ ಮೇಲ್ವಿಚಾರಣೆಯಲ್ಲಿ ಮಾಡಿ’ ಎಂಬ ಸಾಲಿಗೆ ಬೆಲೆಯಿಲ್ಲ. ಪ್ರಮಾಣ ಕೊಟ್ಟಿದ್ದಾರೆಯೇ ಎಂದು ನೋಡಬೇಕು. ‘ಬಾಟಲಿಗೆ ಒಂದು ಚಮಚ ಅಡುಗೆ ಸೋಡಾ, ಸ್ವಲ್ಪ ವಿನೆಗರ್ ಹಾಕಿ ಮುಚ್ಚಳ ಬಿಗಿಯಿರಿ’ ಎಂದಿದೆಯೆನ್ನಿ. 5 ಗ್ರಾಂ ಸೋಡಾ ಪೂರ್ತಿ ವರ್ತಿಸಲು ಶೇ. 5ರ ವಿನೆಗರ್ ಸುಮಾರು 70 ಮಿ.ಲೀ. ಸಾಕು, ಹೊರಬರುವ ಅನಿಲ ಕೋಣೆಯ ಉಷ್ಣತೆಯಲ್ಲಿ ಸುಮಾರು 1.4 ಲೀಟರ್. ಅದನ್ನು 500 ಮಿ.ಲೀ. ಬಾಟಲಿಯೊಳಗೆ ಬಂಧಿಸಿದರೆ ವಾತಾವರಣದ ಒತ್ತಡದ ಮೂರು ಪಟ್ಟು ಹೆಚ್ಚುವರಿ ಒತ್ತಡ ಬರಬಹುದು. ಬಾಟಲಿ ಗಾಜಿನದಾದರೆ ಮುಂದಿನದನ್ನು ಹೇಳಬೇಕಿಲ್ಲ. ಮೆಥನಾಲ್ ಸುರಿದು ಬಣ್ಣಬಣ್ಣದ ಜ್ವಾಲೆ ತೋರಿಸುವ ಪ್ರದರ್ಶನದಲ್ಲಿ ಮಕ್ಕಳು ಸುಟ್ಟುಕೊಂಡ ಘಟನೆಗಳ ನಂತರ ಅಮೆರಿಕದ ಕೆಮಿಕಲ್ ಸೇಫ್ಟಿ ಬೋರ್ಡ್ 2014ರಲ್ಲಿ ಎಚ್ಚರಿಕೆ ಹೊರಡಿಸಿತು. ಲವಣದ ದ್ರಾವಣದಲ್ಲಿ ನೆನೆಸಿದ ಮರದ ಕಡ್ಡಿಯನ್ನು ಬರ್ನರ್ ಜ್ವಾಲೆಗೆ ಹಿಡಿದರೂ ಅದೇ ಬಣ್ಣ ಕಾಣುತ್ತದೆ. ಅಮೋನಿಯಂ ಡೈಕ್ರೋಮೇಟ್ ‘ಜ್ವಾಲಾಮುಖಿ’ಯ ಹಳೆಯ ಪುಟಗಳನ್ನಂತೂ ಹುಡುಕಿ ತೆಗೆಯಬೇಕು, ಅದರಲ್ಲಿರುವ ಆರು ವೇಲೆನ್ಸಿಯ ಕ್ರೋಮಿಯಂ ಕ್ಯಾನ್ಸರ್‌ಕಾರಕ.

ಸಿಮ್ಯುಲೇಷನ್‌ಗೂ ಇದೇ ನಿಯಮ, ಆದರೆ ಅಂಚಿಗೆ ತಳ್ಳಿ ನೋಡಬೇಕು. ಎಲ್ಲ ಸ್ಲೈಡರ್‌ಗಳನ್ನು ಸೊನ್ನೆಗೆ, ಆಮೇಲೆ ಗರಿಷ್ಠಕ್ಕೆ ಎಳೆಯಿರಿ. ಘರ್ಷಣೆ ಸೊನ್ನೆಯಾದಾಗ ವಸ್ತು ನಿಲ್ಲದೆ ಸಾಗುತ್ತದೆಯೇ? ಗ್ರಹ ಸೂರ್ಯನನ್ನು ಸುತ್ತುವ ಸಿಮ್ಯುಲೇಷನ್ ಆದರೆ ನೂರು ಸುತ್ತು ಓಡಲು ಬಿಡಿ. ಲೆಕ್ಕಕ್ಕೆ ಸರಳ ಆಯ್ಲರ್ ವಿಧಾನ (ಕಾಲದ ಚಿಕ್ಕ ಚಿಕ್ಕ ಹೆಜ್ಜೆಗಳಲ್ಲಿ ಮುಂದಿನ ಸ್ಥಾನವನ್ನು ಅಂದಾಜಿಸುವ ಕ್ರಮ) ಬಳಸಿದ್ದರೆ ಪ್ರತಿ ಸುತ್ತಿಗೂ ಶಕ್ತಿ ಸ್ವಲ್ಪ ಸ್ವಲ್ಪ ಕೂಡಿಕೊಂಡು ಗ್ರಹ ಹೊರಗೆ ಹೊರಗೆ ಸರಿಯುತ್ತದೆ. ಎರಡು ನಿಮಿಷ ನೋಡಿ ಐದು ನಕ್ಷತ್ರ ಕೊಟ್ಟವರಿಗೆ ಇದು ಕಾಣಿಸಿರುವುದಿಲ್ಲ.

ಪ್ರಶ್ನೆಪತ್ರಿಕೆಗಳಿಗೆ ಒಂದೇ ಮಾತು: ಉತ್ತರಪಟ್ಟಿ ನೋಡದೆ ಮೊದಲು ಬಿಡಿಸಿ, ಆಮೇಲೆ ಹೋಲಿಸಿ. ಉತ್ತರ ನೋಡಿಕೊಂಡು ಓದಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಈಚೆಗೆ ಕೃತಕ ಬುದ್ಧಿಮತ್ತೆಯಿಂದ ತಯಾರಾಗಿ ಬರುವ ವರ್ಕ್‌ಶೀಟ್‌ಗಳಿಗೆ ಇದು ಇನ್ನೂ ಮುಖ್ಯ. ಅವುಗಳಲ್ಲಿ ವಾಕ್ಯ ನುಣುಪಾಗಿರುತ್ತದೆ, ಭಾಗ ಹೆಸರಿಸಿದ ಬಾಣ ಮಾತ್ರ ಬೇರೆ ಅಂಗವನ್ನು ತೋರಿಸುತ್ತಿರುತ್ತದೆ.

ಪದಗಳು

ಕನ್ನಡದ ಸಂಪನ್ಮೂಲಗಳಿಗೆ ಇನ್ನೊಂದು ಪರಿಶೀಲನೆ ಬೇಕು. ಉಷ್ಣ, ಉಷ್ಣತೆ, ಉಷ್ಣಾಂಶ, ತಾಪ, ತಾಪಮಾನ: ಐದು ಪದ, ಪರಿಕಲ್ಪನೆ ಎರಡೇ. ಒಂದೇ ಪಾಠದೊಳಗೆ ಐದನ್ನೂ ಬಳಸಿದರೆ ಉಷ್ಣಕ್ಕೂ ತಾಪಕ್ಕೂ ಇರುವ ವ್ಯತ್ಯಾಸ ಕಲಿಸುವ ಪಾಠವೇ ಅದನ್ನು ಅಳಿಸಿಹಾಕಿದಂತೆ. ಜವ–ವೇಗ, ದ್ರವ್ಯರಾಶಿ–ತೂಕ, ಬಲ–ಶಕ್ತಿ–ಸಾಮರ್ಥ್ಯ ಇವುಗಳ ಗತಿಯೂ ಅದೇ. ಗ್ರಂಥಾಲಯ ಒಂದು ಪದಪಟ್ಟಿ ಮಾಡಿಕೊಂಡು, ಯಾವ ಪಠ್ಯಕ್ರಮದ ಪದಗಳನ್ನು ಅನುಸರಿಸಿದೆ ಎಂದು ಪುಟದ ಮೇಲೆ ಹಾಕಿದರೆ ಸಾಕು. ಯಾವ ಪದ ಶ್ರೇಷ್ಠ ಎಂಬ ಜಗಳಕ್ಕೆ ಇಳಿಯಬೇಕಿಲ್ಲ. ಮೊದಲ ಪುಟದಲ್ಲಿ ಬಳಸಿದ್ದೇ ಕೊನೆಯ ಪುಟದಲ್ಲೂ ಇರಲಿ.

ಕಲಿಸುತ್ತದೆಯೇ?

ಇದಕ್ಕೆ ವಿಷಯತಜ್ಞರ ಅಭಿಪ್ರಾಯ ಸಾಲದು, ಮಕ್ಕಳೇ ಬೇಕು. ಭೌತವಿಜ್ಞಾನದಲ್ಲಿ 2001ರ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಶುರುಮಾಡಿದ ಫೆಟ್ ಸಿಮ್ಯುಲೇಷನ್‌ಗಳು ಗಟ್ಟಿಯಾಗಲು ಒಂದು ಕಾರಣ ವಿದ್ಯಾರ್ಥಿಗಳ ಸಂದರ್ಶನ. ವಿದ್ಯಾರ್ಥಿಯನ್ನು ಸಿಮ್ಯುಲೇಷನ್ ಮುಂದೆ ಕೂರಿಸಿ, ಮಾಡುತ್ತಿರುವುದನ್ನು ಬಾಯಿಬಿಟ್ಟು ಹೇಳುತ್ತ ಆಡು ಎನ್ನುವುದು. ಪಕ್ಕದಲ್ಲಿ ಕೂತವರು ವಿವರಿಸಲು ಹೋಗಬಾರದು, ಸುಮ್ಮನಿರುವುದು ಕಷ್ಟವಾದರೂ. ಸಾಮಾನ್ಯ ಗ್ರಂಥಾಲಯಕ್ಕೂ ಇದು ಎಟುಕುವ ಕೆಲಸವೇ. ಸಂಪನ್ಮೂಲ ಬಳಸುವ ಮುನ್ನ ಎರಡು ಪ್ರಶ್ನೆ, ಬಳಸಿದ ಮೇಲೆ ಅದೇ ಪರಿಕಲ್ಪನೆಯ ಮೇಲೆ ಬೇರೆ ಎರಡು ಪ್ರಶ್ನೆ, ನಡುವೆ ಮೌನ. ಐದಾರು ಮಕ್ಕಳು ಒಂದೇ ಕಡೆ ಎಡವಿದರೆ ತಿದ್ದಬೇಕಾದ ಜಾಗ ಗೊತ್ತಾದಂತೆ. ‘ಮಕ್ಕಳಿಗೆ ಬಹಳ ಖುಷಿಯಾಯಿತು’ ಎಂಬ ಪ್ರತಿಕ್ರಿಯೆಯನ್ನು ಬೇರೆ ಕಾಲಂನಲ್ಲಿ ಹಾಕಿ. ಖುಷಿಗೂ ಕಲಿಕೆಗೂ ನಂಟಿದೆ, ಆದರೆ ಎರಡೂ ಒಂದಲ್ಲ.

ಪರಿಶೀಲಕರ ಪರಿಶೀಲನೆ

ಇಬ್ಬರು ಪರಿಶೀಲಕರು 50 ಸಂಪನ್ಮೂಲಗಳನ್ನು ನೋಡಿದರು ಎನ್ನೋಣ. 30ಕ್ಕೆ ಇಬ್ಬರೂ ‘ಸೇರಿಸಬಹುದು’ ಎಂದರು, 8ಕ್ಕೆ ಇಬ್ಬರೂ ‘ಬೇಡ’ ಎಂದರು. ಉಳಿದ 12ರಲ್ಲಿ 7ಕ್ಕೆ ಮೊದಲನೆಯವರು ಮಾತ್ರ, 5ಕ್ಕೆ ಎರಡನೆಯವರು ಮಾತ್ರ ಒಪ್ಪಿದರು. ಶೇ. 76 ಸಹಮತ, ಕೇಳಲು ಚೆನ್ನ. ಆದರೆ ಇಬ್ಬರೂ ಹೆಚ್ಚಿನದಕ್ಕೆ ‘ಹೌದು’ ಎನ್ನುವ ಸ್ವಭಾವದವರಾದ್ದರಿಂದ ಕಣ್ಣುಮುಚ್ಚಿ ಗುರುತು ಹಾಕಿದ್ದರೂ ಶೇ. 60ರಷ್ಟು ಹೊಂದಿಕೆ ಬರುತ್ತಿತ್ತು. ಆ ಆಕಸ್ಮಿಕ ಪಾಲನ್ನು ಕಳೆದು ಲೆಕ್ಕ ಹಾಕುವ ಕೋಹೆನ್ ಕಪ್ಪಾ ಇಲ್ಲಿ ಬರುವುದು ಸುಮಾರು 0.41 (ಪೂರ್ಣ ಸಹಮತಕ್ಕೆ ಅದು 1). ಅಂದರೆ ಮಾನದಂಡದ ಪದಗಳನ್ನು ಇಬ್ಬರೂ ಬೇರೆ ಬೇರೆ ಅರ್ಥದಲ್ಲಿ ಓದುತ್ತಿದ್ದಾರೆ. ಪರಿಹಾರ ಹೊಸ ಪರಿಶೀಲಕರನ್ನು ಹುಡುಕುವುದಲ್ಲ. ಆ 12ನ್ನು ಮುಂದಿಟ್ಟುಕೊಂಡು ಇಬ್ಬರನ್ನೂ ಕೂರಿಸಿ, ‘ನಿಖರ’ ಎಂದು ಬರೆದಲ್ಲಿ ‘ಏಕಮಾನ ತಪ್ಪಿಲ್ಲ, ಚಿತ್ರದಲ್ಲಿ ಅಳತೆ ಮೀರಿದ್ದರೆ ಹೇಳಿದೆ, ಉತ್ತರಪಟ್ಟಿ ಬಿಡಿಸಿ ನೋಡಿದೆ’ ಎಂದು ಒಡೆದು ಬರೆಯುವುದು. ಹೌದು–ಇಲ್ಲ ಎಂದು ಉತ್ತರಿಸಬಹುದಾದ ಪ್ರಶ್ನೆಗಳು ಹೆಚ್ಚಾದಷ್ಟೂ ಕಪ್ಪಾ ಏರುತ್ತದೆ.

ಬಳಕೆದಾರರ ನಕ್ಷತ್ರಗಳನ್ನು ಇಟ್ಟುಕೊಳ್ಳಲೇಬೇಕೆಂದಿದ್ದರೆ ಬರಿ ಸರಾಸರಿ ಬೇಡ. ಒಬ್ಬರೇ 5 ಕೊಟ್ಟದ್ದು, 40 ಜನ ಸರಾಸರಿ 4.3 ಕೊಟ್ಟದ್ದಕ್ಕಿಂತ ಮೇಲೆ ಹೋಗಿ ಕೂರುತ್ತದೆ. ಪ್ರತಿ ಸಂಪನ್ಮೂಲಕ್ಕೂ ಇಡೀ ಗ್ರಂಥಾಲಯದ ಸರಾಸರಿಯ, 3.8 ಎನ್ನೋಣ, ಹತ್ತು ಕಾಲ್ಪನಿಕ ಮತ ಸೇರಿಸಿ ಲೆಕ್ಕ ಹಾಕಿ. ಮೊದಲನೆಯದು 3.9ಕ್ಕೆ ಇಳಿಯುತ್ತದೆ, ಎರಡನೆಯದು 4.2ರಲ್ಲಿ ನಿಲ್ಲುತ್ತದೆ.

ಹಳತಾಗುವುದು

ಒಳಬರುವಾಗ ಸರಿಯಿದ್ದದ್ದು ಒಳಗಿದ್ದೇ ಕೆಡುತ್ತದೆ. 2006ಕ್ಕೆ ಮುಂಚಿನ ಸೌರವ್ಯೂಹದ ಪಾಠಗಳಲ್ಲಿ ಪ್ಲೂಟೊ ಒಂಬತ್ತನೆಯ ಗ್ರಹ. 2016ರ ನವೆಂಬರ್‌ಗೆ ಮುಂಚಿನ ಆವರ್ತಕ ಕೋಷ್ಟಕದಲ್ಲಿ 113, 115, 117, 118ನೇ ಧಾತುಗಳಿಗೆ ಶಾಶ್ವತ ಹೆಸರಿಲ್ಲ. 2019ರ ಮೇ 20ರ ನಂತರವೂ ಕಿಲೋಗ್ರಾಂ ಎಂದರೆ ಲೋಹದ ಸಿಲಿಂಡರ್ ಎಂದೇ ಹೇಳುವ ವಿಡಿಯೊಗಳಿವೆ. ಅಂದಿನಿಂದ ಅದರ ವ್ಯಾಖ್ಯೆ ಪ್ಲಾಂಕ್ ಸ್ಥಿರಾಂಕ ಎಂಬ, ಭೌತವಿಜ್ಞಾನದ ಬದಲಾಗದ ಸಂಖ್ಯೆಯೊಂದನ್ನು ಆಧರಿಸಿದೆ. ಇಂಥ ಬದಲಾವಣೆಯಾದ ದಿನವೇ ‘ಪ್ಲೂಟೊ’, ‘ಕಿಲೋಗ್ರಾಂ’ ಎಂದು ತನ್ನದೇ ಭಂಡಾರದಲ್ಲಿ ಹುಡುಕಿ ಪಟ್ಟಿ ತೆಗೆಯುವ ಅಭ್ಯಾಸ ಗ್ರಂಥಾಲಯಕ್ಕೆ ಇರಬೇಕು. ವಿಷಯ ಸೂಚಿಪದಗಳನ್ನು ಸೋಮಾರಿತನದಿಂದ ತುಂಬಿದ್ದರೆ ಆ ದಿನ ಅದರ ಬೆಲೆ ತೆರಬೇಕಾಗುತ್ತದೆ.

ತಂತ್ರಜ್ಞಾನದ ಹೊಡೆತ ಇನ್ನೂ ಒರಟು. ಹಳೆಯ ಆನಿಮೇಷನ್‌ಗಳು ಬಹಳಷ್ಟು ಜಾವಾ ಆಪ್ಲೆಟ್, ಫ್ಲ್ಯಾಶ್ ಎಂಬ ತಂತ್ರಾಂಶಗಳ ಮೇಲೆ ಓಡುತ್ತಿದ್ದವು. ಬ್ರೌಸರ್‌ಗಳು ಜಾವಾ ಆಪ್ಲೆಟ್‌ಗಳನ್ನು ಕೈಬಿಟ್ಟವು, ಫ್ಲ್ಯಾಶ್‌ಗೆ ಬೆಂಬಲ 2020ರ ಡಿಸೆಂಬರ್ 31ಕ್ಕೆ ಮುಗಿಯಿತು. ಮರುರೂಪಿಸದೆ ಉಳಿದ ಆನಿಮೇಷನ್‌ಗಳ ಜಾಗದಲ್ಲಿ ಈಗ ಖಾಲಿ ಚೌಕ. ಕೊಂಡಿ ತಪಾಸಣೆಯನ್ನು ಯಂತ್ರಕ್ಕೆ ಬಿಡಬಹುದು, ತಿಂಗಳಿಗೊಮ್ಮೆ ಸಾಕು. ಒಂದೇ ಸಲ ವಿಫಲವಾಯಿತೆಂದು ತೆಗೆಯಬೇಡಿ. ಒಂದು ವಾರದಲ್ಲಿ ಬೇರೆ ಬೇರೆ ಹೊತ್ತಿನಲ್ಲಿ ಮೂರು ಸಲ ಸೋತರೆ ಮಾತ್ರ ಮನುಷ್ಯರ ಕಣ್ಣಿಗೆ ಕಳಿಸಿ. ಯಂತ್ರ ಮೋಸಹೋಗುವುದು ಎರಡು ಕಡೆ: ‘ಪುಟ ಸಿಗಲಿಲ್ಲ’ ಎಂಬ ಪುಟವನ್ನೇ ‘ಎಲ್ಲ ಸರಿ’ ಎಂಬ ಸಂಕೇತದೊಂದಿಗೆ ಕಳಿಸುವ ತಾಣಗಳಲ್ಲಿ, ಮತ್ತು ಹಳೆಯ ವಿಳಾಸವನ್ನು ಬೇರೆ ಯಾರೋ ಕೊಂಡು ಜೂಜಿನ ಜಾಹೀರಾತು ಹಾಕಿದ ಕಡೆಗಳಲ್ಲಿ. ಕೊಂಡಿ ಜೀವಂತ, ಪಾಠ ಮಾತ್ರ ಹೋಗಿರುತ್ತದೆ. ಪುಟದ ಶೀರ್ಷಿಕೆಯನ್ನೂ ಪಠ್ಯದ ಉದ್ದವನ್ನೂ ಮೊದಲ ದಿನ ಬರೆದಿಟ್ಟುಕೊಂಡು ಪ್ರತಿ ತಿಂಗಳು ಹೋಲಿಸಿದರೆ ಎರಡೂ ಸಿಕ್ಕಿಬೀಳುತ್ತವೆ.

ಪರವಾನಗಿಯ ಬಗ್ಗೆ ಒಂದೇ ಎಚ್ಚರ. ಪುಟಕ್ಕೆ ಕ್ರಿಯೇಟಿವ್ ಕಾಮನ್ಸ್ (ಷರತ್ತಿನೊಂದಿಗೆ ಮುಕ್ತವಾಗಿ ಹಂಚಲು ಬಿಡುವ ಪರವಾನಗಿ) ಎಂದಿದ್ದರೂ ಒಳಗಿನ ಚಿತ್ರಕ್ಕೆ ಬೇರೆ ಹಕ್ಕು ಇರಬಹುದು. ‘ಎನ್‌ಡಿ’ (ಬದಲಾಯಿಸಿ ಹಂಚುವಂತಿಲ್ಲ ಎಂಬ ಷರತ್ತು) ಎಂದಿದ್ದರೆ ಅನುವಾದಿಸಿಯೂ ಹಂಚುವಂತಿಲ್ಲ.

ಪ್ರತಿ ಸಂಪನ್ಮೂಲದ ಪುಟದಲ್ಲೂ ಮೂರು ದಿನಾಂಕ ಕಾಣಲಿ: ವಿಜ್ಞಾನ ಪರಿಶೀಲಿಸಿದ್ದು, ತರಗತಿಯಲ್ಲಿ ಬಳಸಿ ನೋಡಿದ್ದು, ತೆರೆದುಕೊಳ್ಳುತ್ತದೆಯೇ ಎಂದು ನೋಡಿದ್ದು. ‘ಇನ್ನೂ ಆಗಿಲ್ಲ’ ಎಂದು ಬರೆಯಲು ನಾಚಿಕೆ ಬೇಡ. ಖಾಲಿ ಬಿಟ್ಟ ಕಾಲಂಗಿಂತ ಅದು ಎಷ್ಟೋ ಮೇಲು. ಸಂಪನ್ಮೂಲವನ್ನು ಹಿಂತೆಗೆದುಕೊಂಡಾಗ ಪುಟವನ್ನೇ ಅಳಿಸಬೇಡಿ. ಕೊಂಡಿಯನ್ನು ಪಾಠಯೋಜನೆಯಲ್ಲಿ ಅಂಟಿಸಿಕೊಂಡ ಶಿಕ್ಷಕರು ಮುಂದಿನ ವರ್ಷ ಅಲ್ಲಿಗೇ ಬರುತ್ತಾರೆ. ಡೌನ್‌ಲೋಡ್ ಗುಂಡಿ ತೆಗೆದು, ಏಕೆ ಹಿಂತೆಗೆಯಲಾಯಿತು, ಯಾವಾಗ, ಬದಲಿಗೆ ಯಾವುದನ್ನು ಬಳಸಬಹುದು ಎಂದು ಮೂರು ಸಾಲು ಬರೆದು ಆ ಪುಟವನ್ನು ಅದೇ ವಿಳಾಸದಲ್ಲಿ ಉಳಿಸಿ. ಮೇಣದಬತ್ತಿಯ ಪುಟವಾದರೆ ಮೂರನೇ ಸಾಲಿನಲ್ಲಿ ಸ್ಟೀಲ್ ವುಲ್ ಪ್ರಯೋಗದ ಕೊಂಡಿ.